ಮಡಿಕೇರಿ ಮಳೆಯೂ ಮೂವತ್ತು ಗ್ರಾಂ ರಾಶಿಯೂ

ಬೆಳಿಗ್ಗೆ ಒಂದು ನಿಮಿಷ 38 ಸೆಕೆಂಡಿನಲ್ಲಿ ಉರಿದು ಮುಗಿದ ಪುಡಿ, ಸಂಜೆ ಎರಡು ನಿಮಿಷ 20 ಸೆಕೆಂಡ್ ತೆಗೆದುಕೊಂಡಿತು. ಅದೇ ಬಾಟಲಿ, ಅದೇ ತೂಕ, ಅದೇ ತಂತಿ. ನಾನು ಮೊದಲು ಬೈದಿದ್ದು ಕರೆಂಟಿಗೆ. ತಪ್ಪು ನನ್ನದೇ ಆಗಿತ್ತು.

ನನ್ನ ಕೆಲಸ ಏನು ಅಂತ ನಮ್ಮ ಮನೆಯವರಿಗೇ ಸರಿಯಾಗಿ ಗೊತ್ತಿಲ್ಲ. ಪುಡಿಯೋ ಹರಳೋ ಗುಳಿಗೆಯೋ, ಯಾವುದೋ ಒಂದು ರಾಸಾಯನಿಕ ತಂದುಕೊಡುತ್ತಾರೆ. ಅದು ಲಾರಿಯಲ್ಲಿ, ಹಡಗಿನಲ್ಲಿ ಹೋಗುವಾಗ ಪಕ್ಕದ ಸಾಮಾನಿಗೆ ಬೆಂಕಿ ಬಿದ್ದರೆ ಆ ಬೆಂಕಿಯನ್ನು ಜೋರು ಮಾಡುತ್ತದಾ, ಮಾಡಿದರೆ ಎಷ್ಟು ಅಂತ ನಾನು ಸುಟ್ಟು ನೋಡಿ ಹೇಳಬೇಕು. ಹೀಗೆ ಜೋರು ಮಾಡುವ ವಸ್ತುವಿಗೆ ಆಕ್ಸಿಡೈಸರ್ ಅನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ತಾವಾಗಿ ಉರಿಯುವುದಿಲ್ಲ. ಉರಿಯುವ ವಸ್ತುವಿಗೆ ಆಮ್ಲಜನಕ ಒದಗಿಸುತ್ತವೆ.

ಕೊಡಗಿನಲ್ಲಿ ಇದನ್ನು ಹಿರಿಯರಿಗೆ ವಿವರಿಸುವುದು ಸುಲಭ. ಕೇಪಿನ ಕೋವಿ ಇದ್ದ ಮನೆಯವರಿಗೆ ಪೆಟ್ಲುಪ್ಪು ಗೊತ್ತು. ಇದ್ದಿಲು ತಾನಾಗಿ ಕೆಂಡವಾಗುತ್ತದೆ, ಪೆಟ್ಲುಪ್ಪು ಸೇರಿದರೆ ಅದೇ ಇದ್ದಿಲು ಮದ್ದಾಗುತ್ತದೆ ಅಂತ ನಮ್ಮಜ್ಜ ಹೇಳುತ್ತಿದ್ದರು. ಆ ಪೆಟ್ಲುಪ್ಪೇ ಪೊಟ್ಯಾಸಿಯಂ ನೈಟ್ರೇಟ್. ಈಗ ಅದು ಚೀಲದ ಮೇಲೆ 13-0-45 ಅಂತ ಬರೆಸಿಕೊಂಡು ಎಲೆಗೆ ಸಿಂಪಡಿಸುವ ಗೊಬ್ಬರವಾಗಿ ತೋಟಕ್ಕೆ ಬರುತ್ತದೆ. ವೇಷ ಬದಲಾದ ಮೇಲೆ ಯಾರೂ ಗುರುತು ಹಿಡಿಯುವುದಿಲ್ಲ. ಒಮ್ಮೆ ಪರಿಚಯದವರ ತೋಟಕ್ಕೆ ಹೋದಾಗ ಗೋಡೌನಿನಲ್ಲಿ ಇದರ ಚೀಲಗಳನ್ನು ಹಳೇ ಗೋಣಿ, ಕಾಫಿ ಹೊಟ್ಟಿನ ಮೇಲೆ ಪೇರಿಸಿಟ್ಟಿದ್ದರು. ಪಕ್ಕದಲ್ಲೇ ಡೀಸೆಲ್ ಕ್ಯಾನು. ನಾನು ಹೌಹಾರಿದ್ದು ನೋಡಿ ತೋಟದ ಲೆಕ್ಕ ಬರೆಯುವ ರೈಟರ್ ನಕ್ಕರು. "ಗೊಬ್ಬರ ಅಲ್ವಾ ಮೇಡಂ, ಏನಾಗುತ್ತೆ?" ಏನೂ ಆಗಿರಲಿಲ್ಲ, ನಿಜ. ಆದರೆ ಬೆಂಕಿ ಬಿದ್ದರೆ, ಒದ್ದೆ ಗೋಣಿ ಮುಚ್ಚಿ, ಮರಳು ಎರಚಿ ಅದನ್ನು ಉಸಿರುಗಟ್ಟಿಸೋಕೆ ಆಗಲ್ಲ. ಗಾಳಿ ತಪ್ಪಿಸಿದರೂ ಆಮ್ಲಜನಕ ಒಳಗೇ ಇದೆ. ನೀರು, ಅದೂ ಧಾರಾಳವಾಗಿ ಬೇಕು. ಅವರು ಆಮೇಲೆ ಕ್ಯಾನನ್ನು ಪಂಪ್‌ಹೌಸಿಗೆ ಸಾಗಿಸಿದರು. ಹೊಟ್ಟು ಖಾಲಿ ಮಾಡಿಸೋಕೆ ನಾನು ಇನ್ನೆರಡು ಸಲ ಹೋಗಬೇಕಾಯಿತು.

ಈಗ ಪರೀಕ್ಷೆಗೆ ಬರುತ್ತೇನೆ. ವಿಶ್ವಸಂಸ್ಥೆಯ ಪರೀಕ್ಷಾ ಕೈಪಿಡಿಯಲ್ಲಿ ಇದಕ್ಕೆ ಒ.1 ಅಂತ ಹೆಸರು. ಮಾದರಿಯನ್ನು ಒಣ ಸೆಲ್ಯುಲೋಸ್ ನಾರಿನ (ಮರ, ಹತ್ತಿಯಲ್ಲಿರುವ, ಉರಿಯುವ ನಾರು) ಜೊತೆ ಬೆರೆಸುತ್ತೇವೆ. ತೂಕದಲ್ಲಿ ಒಂದಕ್ಕೆ ಒಂದು ಒಂದು ಮಿಶ್ರಣ, ನಾಲ್ಕು ಭಾಗ ಮಾದರಿಗೆ ಒಂದು ಭಾಗ ಸೆಲ್ಯುಲೋಸ್ ಇನ್ನೊಂದು. ಪ್ರತಿ ಸಲ 30 ಗ್ರಾಂ. ಬುಡ ಮುಚ್ಚಿದ ಆಲಿಕೆಯಲ್ಲಿ ತುಂಬಿ, ಶಾಖ ಹಿಡಿಯದ ಹಲಗೆಯ ಮೇಲೆ ಮಗುಚಿದರೆ 70 ಮಿಲಿಮೀಟರ್ ಬುಡದ ಪುಟ್ಟ ಗುಡ್ಡ ನಿಲ್ಲುತ್ತದೆ. ಅದರೊಳಗೆ ನೈಕ್ರೋಮ್ ತಂತಿಯ ಸುತ್ತು. ಕರೆಂಟ್ ಕೊಟ್ಟ ಕ್ಷಣದಿಂದ ಮುಖ್ಯ ಉರಿ ಮುಗಿಯುವವರೆಗೆ ಎಷ್ಟು ಸೆಕೆಂಡ್ ಅಂತ ನೋಡಬೇಕು. ಮೂರು ನಿಮಿಷವಾದರೂ ಹೊತ್ತಿಕೊಳ್ಳದಿದ್ದರೆ ಕರೆಂಟ್ ಬಂದ್.

ಬರೀ ಆ ಸೆಕೆಂಡಿಗೆ ಅರ್ಥವಿಲ್ಲ. ಪಕ್ಕದಲ್ಲಿ ಇಟ್ಟು ಹೋಲಿಸೋಕೆ ಪೊಟ್ಯಾಸಿಯಂ ಬ್ರೋಮೇಟ್ ಅನ್ನುವ ಇನ್ನೊಂದು ಆಕ್ಸಿಡೈಸರ್ ಬೇಕು. ಬ್ರೋಮೇಟ್ 3, ಸೆಲ್ಯುಲೋಸ್ 7 ಭಾಗದ ಮಿಶ್ರಣ ನಿಧಾನ ಉರಿಯುತ್ತದೆ. 2ಕ್ಕೆ 3 ಅದಕ್ಕಿಂತ ಬೇಗ. 3ಕ್ಕೆ 2 ಭಗ್ ಅಂತ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ, ಸ್ಟಾಪ್‌ವಾಚ್ ಒತ್ತುವ ಬೆರಳು ಚುರುಕಾಗಿರಬೇಕು. ಮಾದರಿಯ ಎರಡು ಮಿಶ್ರಣಗಳಲ್ಲಿ ಯಾವುದಾದರೂ ಒಂದು 3:2ಕ್ಕಿಂತ ಬೇಗ ಉರಿದರೆ ಪ್ಯಾಕಿಂಗ್ ಗ್ರೂಪ್ 1, ಅಂದರೆ ಅತಿ ಅಪಾಯ. 2:3ರ ಒಳಗೆ ಬಂದರೆ ಗ್ರೂಪ್ 2, 3:7ರ ಒಳಗೆ ಬಂದರೆ ಗ್ರೂಪ್ 3. ಅದಕ್ಕೂ ನಿಧಾನವಾದರೆ ಅಥವಾ ಹೊತ್ತಿಕೊಳ್ಳದಿದ್ದರೆ 5.1 ವರ್ಗಕ್ಕೆ, ಅಂದರೆ ಆಕ್ಸಿಡೈಸರ್‌ಗಳ ವರ್ಗಕ್ಕೆ, ಸೇರುವುದಿಲ್ಲ. ಪ್ರತಿಯೊಂದನ್ನೂ ಐದೈದು ಸಲ ಮಾಡಬೇಕು. ಲೆಕ್ಕ ಹಾಕಿದರೆ ಒಂದು ಮಾದರಿಗೆ 25 ಗುಡ್ಡ.

ಮಿಶ್ರಣವನ್ನು ಒಟ್ಟಿಗೆ ಮಾಡಿಟ್ಟುಕೊಳ್ಳುವ ಹಾಗಿಲ್ಲ. ಪ್ರತಿ ಗುಡ್ಡಕ್ಕೂ ಹೊಸದಾಗಿ, ಮೆಲ್ಲಗೆ ಬೆರೆಸಬೇಕು. ಕಲ್ಲಿನಲ್ಲಿ ಅರೆಯೋದು ಮಾತ್ರ ಎಂದಿಗೂ ಬೇಡ. ಮಾದರಿಯನ್ನು ಪುಡಿ ಮಾಡುವುದಿದ್ದರೆ ಸೆಲ್ಯುಲೋಸ್ ಸೇರಿಸುವ ಮುಂಚೆಯೇ ಮಾಡಿ ಮುಗಿಸಬೇಕು. ಉಳಿದ ಚೂರನ್ನು ನಾನು ಕಸದ ಬುಟ್ಟಿಗೆ ಹಾಕುವುದಿಲ್ಲ, ದೊಡ್ಡ ಬಕೆಟ್ ನೀರಿಗೆ ಹಾಕುತ್ತೇನೆ. ಪರ್ಮಾಂಗನೇಟ್ ಪರೀಕ್ಷೆ ಮಾಡಿದ ದಿನ ಆ ಬಕೆಟ್ ನೋಡಿದರೆ ಥೇಟ್ ನಮ್ಮ ಕೊಡಗಿನ ಮದ್ದುಸೊಪ್ಪಿನ ಪಾಯಸದ ನೇರಳೆ ಬಣ್ಣ.

ಮದ್ದುಸೊಪ್ಪಿನ ಕಾಲದಲ್ಲೇ ಈ ಎಡವಟ್ಟು ಆಗಿದ್ದು. ಕಕ್ಕಡ ತಿಂಗಳು, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ಕಾಲ. ಆಗ ನನ್ನ ಕೋಣೆ ಮಡಿಕೇರಿಯಲ್ಲಿತ್ತು. ಎಂಟು ದಿನದಿಂದ ಬಿಡದ ಮಳೆ, ಗೋಡೆ ಬೆವರುತ್ತಿತ್ತು, ಲೇಬಲ್ ಅಂಟು ಬಿಟ್ಟು ಕೈಗೆ ಬರುತ್ತಿತ್ತು. ಮಾದರಿ ಕುಶಾಲನಗರ ಕಡೆಯವರದು. ಪೊಟ್ಯಾಸಿಯಂ ನೈಟ್ರೇಟಿಗೆ ಬೇರೆ ಲವಣಗಳನ್ನು ಬೆರೆಸಿದ ಗೊಬ್ಬರ, ಮಂಗಳೂರು ಬಂದರಿನಿಂದ ಹೊರಗೆ ಕಳಿಸಬೇಕಿತ್ತು.

ಬೆಳಿಗ್ಗೆ ಏಳಕ್ಕೇ ಶುರು ಮಾಡಿ ಬ್ರೋಮೇಟಿನ 15 ಗುಡ್ಡ ಮುಗಿಸಿದೆವು. 3:7ರ ಸರಾಸರಿ ಒಂದು ನಿಮಿಷ 38 ಸೆಕೆಂಡ್. ಮಧ್ಯಾಹ್ನದ ಮೇಲೆ ಮಾದರಿ ಹಿಡಿದೆವು. ಒಂದಕ್ಕೊಂದು ಮಿಶ್ರಣ ಒಂದು ನಿಮಿಷ 55ರ ಆಸುಪಾಸಿನಲ್ಲಿ ಉರಿಯಿತು. ನಾಲ್ಕಕ್ಕೊಂದು ಇನ್ನೂ ನಿಧಾನ. ಮೂರು ಗುಡ್ಡ ನೋಡಿದ್ದೇ ತಡ, ಫೋನ್ ಮಾಡಿ "ನಿಮ್ಮದು ಆಕ್ಸಿಡೈಸರ್ ಅಲ್ಲ ಅನ್ನಿಸುತ್ತೆ" ಅಂದುಬಿಟ್ಟೆ. ಅವರು ಖುಷಿಯಾಗಿ ಲಾರಿಯವರಿಗೂ ಹೇಳಿಬಿಟ್ಟರು.

ಕೊನೆಯ ಗುಡ್ಡ ಉರಿಯುತ್ತಿರುವಾಗ ಕರೆಂಟ್ ಹೋಯಿತು. ಬಂದ ಮೇಲೆ ತಂತಿ ಸರಿಯಾಗಿ ಬಿಸಿಯಾಗುತ್ತಿದೆಯಾ ಅಂತ ನೋಡೋಕೆ ಸುಮ್ನೆ ಒಂದು 3:7 ಬ್ರೋಮೇಟ್ ಗುಡ್ಡ ಸುಟ್ಟೆ. ಎರಡು ನಿಮಿಷ 20.

ವೋಲ್ಟೇಜ್ ಮೇಲೆ ಅನುಮಾನ ಬಂತು. ಅನುಮಾನಕ್ಕೆ ಕಾರಣವೂ ಇತ್ತು. 30 ಸೆಂಟಿಮೀಟರ್ ತಂತಿಯ ರೋಧ ಸುಮಾರು 1.8 ಓಮ್. ಅದರಲ್ಲಿ 150 ವ್ಯಾಟ್ ಬರಬೇಕಾದರೆ 16 ವೋಲ್ಟ್ ಚಿಲ್ಲರೆ, 9 ಆಂಪಿಯರ್ ಬೇಕು. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ವ್ಯಾಟ್ ಹತ್ತಲ್ಲ, ಹತ್ತೊಂಬತ್ತು ಇಳಿದು 121ಕ್ಕೆ ಬರುತ್ತದೆ. ಮಳೆಗಾಲದ ಲೈನು ಹೇಗಿರುತ್ತೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಆದರೆ ಮೀಟರ್ ನೋಡಿದರೆ 150 ವ್ಯಾಟ್ ಸರಿಯಾಗಿತ್ತು.

ನನ್ನ ಜೊತೆ ಕೆಲಸ ಮಾಡುವ ಸೋಮವಾರಪೇಟೆ ಹುಡುಗ ಅಷ್ಟರಲ್ಲಿ ಇನ್ನೊಂದು ಗುಡ್ಡ ಮಗುಚಿದ್ದ. ಆಲಿಕೆ ಎತ್ತಿ ಹಾಗೇ ನೋಡುತ್ತಾ ನಿಂತ. "ಅಕ್ಕ, ಬೆಳಿಗ್ಗೆ ಅಂಚು ಉದುರುತ್ತಿತ್ತು. ಈಗ ನೋಡಿ, ಒದ್ದೆ ಮರಳಿನ ಹಾಗೆ ನಿಂತಿದೆ."

ಬಗ್ಗಿ ನೋಡಿದೆ. ಆಲಿಕೆಯ ಒಳಗೋಡೆಯ ಗೀರು ಸಮೇತ ಅಚ್ಚು ಬಿದ್ದಿತ್ತು. ಸೆಲ್ಯುಲೋಸ್ ಡಬ್ಬಿಯನ್ನು ಬೆಳಿಗ್ಗೆ ಡೆಸಿಕೇಟರ್‌ನಿಂದ (ತೇವ ತಾಗದಂತೆ ಇಡುವ ಪಾತ್ರೆ) ಹೊರಗೆ ತೆಗೆದವಳು ನಾನೇ. ಪ್ರತಿ ಗುಡ್ಡಕ್ಕೂ ಮುಚ್ಚಳ ತೆರೆದು, ತೂಗಿ, ಮುಚ್ಚಿ, ಮಧ್ಯೆ ಕಾಫಿಗೆ ಹೋದಾಗ ಮುಚ್ಚದೆ... ಆ ಡಬ್ಬಿಯಿಂದ 10 ಗ್ರಾಂ ತೂಗಿ ರಾತ್ರಿ 105 ಡಿಗ್ರಿಯಲ್ಲಿ ಇಟ್ಟೆ. ಮಾರನೇ ದಿನ 9.43 ಗ್ರಾಂ ಉಳಿದಿತ್ತು. ಸೆಲ್ಯುಲೋಸಿನಲ್ಲಿ ನೀರು ಶೇಕಡಾ 0.5ಕ್ಕಿಂತ ಕಡಿಮೆ ಇರಬೇಕು ಅನ್ನುತ್ತದೆ ಕೈಪಿಡಿ. ನಮ್ಮದರಲ್ಲಿ ಆರರ ಹತ್ತಿರ!

ದಿನವಿಡೀ ಎಲ್ಲ ಗುಡ್ಡವೂ ಒಂದೇ ಸಮ ಒದ್ದೆಯಾಗಿದ್ದರೆ ಹೋಲಿಕೆಗೆ ಅಷ್ಟು ಪೆಟ್ಟು ಬೀಳುತ್ತಿರಲಿಲ್ಲ, ಎರಡೂ ನಿಧಾನವಾಗುತ್ತಿದ್ದವು. ನಾನು ಬೆಳಗಿನ ಒಣ ಬ್ರೋಮೇಟಿನ ಪಕ್ಕ ಸಂಜೆಯ ಹಸಿ ಮಾದರಿಯನ್ನು ನಿಲ್ಲಿಸಿದ್ದೆ. ಸಂಜೆಯ ಬ್ರೋಮೇಟಿನ ಜೊತೆ ಹೋಲಿಸಿದರೆ ಮಾದರಿಯೇ ಬೇಗ ಉರಿದಿತ್ತು.

ಅವತ್ತಿನಿಂದ ಕ್ರಮ ಬದಲಾಯಿಸಿದೆ. ಸೆಲ್ಯುಲೋಸನ್ನು ತೆಳ್ಳಗೆ ಹರಡಿ ಒಣಗಿಸುತ್ತೇನೆ. ನಾಲ್ಕು ಗಂಟೆ ಸಾಕು ಅಂತಿದ್ದರೂ ಕಕ್ಕಡದಲ್ಲಿ ರಾತ್ರಿಯಿಡೀ ಬಿಡುತ್ತೇನೆ. ಆರಿದ ಮೇಲೆ ಒಂದೊಂದು ಗುಡ್ಡಕ್ಕೆ ಬೇಕಾದಷ್ಟನ್ನು ಪುಟ್ಟ ಪುಟ್ಟ ಬಾಟಲಿಗೆ ಹಾಕಿ, ಬಿರಡೆ ಬಿಗಿದು, ಡೆಸಿಕೇಟರ್‌ನಲ್ಲೇ ಇಡುತ್ತೇನೆ. ತೆರೆದ ಬಾಟಲಿ ಮತ್ತೆ ಒಳಗೆ ಹೋಗುವುದಿಲ್ಲ. ಒಂದು ಬ್ರೋಮೇಟ್ ಗುಡ್ಡ, ಒಂದು ಮಾದರಿ ಗುಡ್ಡ ಹೀಗೆ ಸರದಿಯಲ್ಲಿ ಸುಡುತ್ತೇವೆ. ದಿನದ ಕೊನೆಗೆ ಇನ್ನೊಂದು 3:7. ಬ್ರೋಮೇಟ್ ಜಾಸ್ತಿ ಖರ್ಚಾಗುತ್ತದೆ, ಆಗಲಿ.

ಕೋಣೆಯನ್ನೂ ಕುಶಾಲನಗರಕ್ಕೆ ಬದಲಾಯಿಸಿದೆ. ಬಾಡಿಗೆ ಜಾಸ್ತಿ. ಆದರೆ ಮಡಿಕೇರಿಯಲ್ಲಿ ಕೊಡೆ ಮಡಚಲಾಗದ ದಿನವೂ ಅಲ್ಲಿ ತಂತಿಯ ಮೇಲೆ ಬಟ್ಟೆ ಒಣಗುತ್ತಿರುತ್ತದೆ.

ಒಣಗಿಸಿ ಬಗೆಹರಿಯದ ತೊಂದರೆ ಒಂದಿದೆ. ಮುಖ್ಯ ಉರಿ ಮುಗಿದದ್ದು ಯಾವಾಗ? ಜ್ವಾಲೆ ಆರಿದ ಮೇಲೂ ಗುಡ್ಡದ ಬುಡದಲ್ಲಿ ಒಂದು ಕೆಂಡ ಮಿಣುಕುತ್ತಿರುತ್ತದೆ. ಹುಡುಗ ನಿಲ್ಲಿಸಿದ ಗಡಿಯಾರಕ್ಕೂ ನನ್ನದಕ್ಕೂ ಕೆಲವೊಮ್ಮೆ ಎಂಟು ಸೆಕೆಂಡ್ ವ್ಯತ್ಯಾಸ. ಈಗ ವಿಡಿಯೊ ಮಾಡಿ, ಇಬ್ಬರೂ ಬೇರೆ ಬೇರೆ ಕೂತು ನೋಡುತ್ತೇವೆ. ಒ.3 ಅನ್ನುವ ಹೊಸ ವಿಧಾನದಲ್ಲಿ ಈ ಜಗಳವಿಲ್ಲ. ಗುಡ್ಡವನ್ನು ತಕ್ಕಡಿಯ ಮೇಲಿಟ್ಟೇ ಸುಡುತ್ತಾರೆ. ಒಟ್ಟು ಇಳಿಯುವ ತೂಕದಲ್ಲಿ ಶೇಕಡಾ 20ರಿಂದ 80ರವರೆಗೆ ಎಷ್ಟು ಬೇಗ ಇಳಿಯಿತು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಬ್ರೋಮೇಟ್ ಬದಲು ಅಲ್ಲಿ ಕ್ಯಾಲ್ಸಿಯಂ ಪೆರಾಕ್ಸೈಡ್. ನನ್ನ ಕೇಳಿದರೆ ಅದೇ ಒಳ್ಳೆಯದು. ಬ್ರೋಮೇಟ್ ಕ್ಯಾನ್ಸರ್ ತರಬಹುದು ಅನ್ನುವ ಕಾರಣಕ್ಕೆ 2016ರಲ್ಲಿ ನಮ್ಮ ದೇಶದಲ್ಲಿ ಬ್ರೆಡ್ಡಿಗೆ ಹಾಕುವುದನ್ನೇ ನಿಲ್ಲಿಸಿದ್ದಾರೆ, ನಾನು ಮಾತ್ರ ವಾರಗಟ್ಟಲೆ ಅದರ ಪುಡಿ ತೂಗುತ್ತಾ ಕೂತಿರುತ್ತೇನೆ. ಅಂಥ ತಕ್ಕಡಿಗೆ ದುಡ್ಡು ಹೊಂದಿಸುತ್ತಿದ್ದೇನೆ.

ಆ ಮಾದರಿಯನ್ನು ನಾಲ್ಕು ದಿನ ಬಿಟ್ಟು ಮತ್ತೆ ಮಾಡಿದೆ. ಬ್ರೋಮೇಟ್ 3:7ರ ಸರಾಸರಿ ಒಂದು ನಿಮಿಷ 36. ಮಾದರಿ ಒಂದು ನಿಮಿಷ 22. 2:3ರಷ್ಟು ಬೇಗವಲ್ಲ, 3:7ಕ್ಕಿಂತ ಬೇಗ. ಗ್ರೂಪ್ 3. ಫೋನ್ ಮಾಡಿ ಹೇಳಿದರೆ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

"ಏನ್ ಮೇಡಂ, ಮಳೆ ಬಂದ್ರೆ ಗೊಬ್ಬರದ ಜಾತಿ ಬದಲಾಗುತ್ತಾ?"

ಗೊಬ್ಬರದ್ದಲ್ಲ, ನನ್ನ ಡಬ್ಬಿಯದ್ದು ಬದಲಾಗಿತ್ತು ಅಂದೆ. ಮೊದಲು ಹೇಳಿದ್ದಕ್ಕೆ ಕ್ಷಮೆ ಕೇಳಿದೆ, ಎರಡನೇ ಸಲದ ಪರೀಕ್ಷೆಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಒಪ್ಪಿಸಿದ್ದ ಲಾರಿಯನ್ನು ಅವರು ಬಿಡಬೇಕಾಯಿತು, ಎರಡು ವಾರ ತಡವಾಯಿತು. ಕೊನೆಗೆ ಹಳದಿ ಬಣ್ಣದ ಲೇಬಲ್, ಅದರಲ್ಲಿ ವೃತ್ತದ ಮೇಲೆ ಜ್ವಾಲೆ, ಕೆಳಗೆ 5.1 ಅಂಟಿಸಿಕೊಂಡೇ ಚೀಲಗಳು ಮಂಗಳೂರಿಗೆ ಹೋದವು. ಫೋಟೊ ಕಳಿಸಿದ್ದರು. ಹಿಂದೆ ಮಳೆ ಇನ್ನೂ ಸುರಿಯುತ್ತಲೇ ಇತ್ತು.