ಟೆಸ್ಟ್ ಇಲ್ಲದ ಹಳೆಯ ಕೋಡ್‌ಗೆ ಟೂಲ್‌ನಿಂದ ಟೆಸ್ಟ್ ಬರೆಸುವುದು ಹೇಗೆ?

ಟೆಸ್ಟ್ ಇಲ್ಲದ ಹಳೆಯ ಕೋಡನ್ನು ಮುಟ್ಟಲು ಭಯವಾಗುತ್ತದೆ. ಇಲ್ಲೊಂದು ಸಾಲು ಬದಲಿಸಿದರೆ ಅಲ್ಲೇನು ಕೆಡುತ್ತದೋ ತಿಳಿಯದು. ಇಂಥ ಕಡೆ ಇರುವ ಕೋಡ್‌ನಿಂದಲೇ ಯೂನಿಟ್ ಟೆಸ್ಟ್ (ಒಂದೊಂದು ಫಂಕ್ಷನ್ನನ್ನು ಬಿಡಿಯಾಗಿ ಪರೀಕ್ಷಿಸುವ ಪುಟ್ಟ ಕೋಡ್) ಹುಟ್ಟಿಸುವ ಟೂಲ್‌ಗಳು ನೆರವಿಗೆ ಬರುತ್ತವೆ. ಜಾವಾದಲ್ಲಿ ಇವೊಸೂಟ್, ರ‍್ಯಾಂಡೂಪ್ ಇವೆ. ಪೈಥಾನ್‌ನಲ್ಲಿ ಪಿಂಗ್ವಿನ್ ಇದೆ. ಇಲ್ಲಿ ಪಿಂಗ್ವಿನ್ ಬಳಸುವ ಕ್ರಮ ಹೇಳಿದೆ.

ಮೊದಲು ಮಾಡ್ಯೂಲ್ (ಒಂದು ಪೈಥಾನ್ ಕೋಡ್ ಫೈಲ್) ಆರಿಸಿ. ಫೈಲ್, ಡೇಟಾಬೇಸ್, ನೆಟ್‌ವರ್ಕ್ ಮುಟ್ಟದೆ ಬರೀ ಲೆಕ್ಕ ಮಾಡಿ ಉತ್ತರ ಕೊಡುವ ಫಂಕ್ಷನ್‌ಗಳಿಂದ ಶುರು ಮಾಡಿ. ಪ್ಯಾರಾಮೀಟರ್‌ಗಳಿಗೆ ಟೈಪ್ ಹಿಂಟ್ (ಬರುವುದು ಸಂಖ್ಯೆಯೋ ಸ್ಟ್ರಿಂಗೋ ಎಂಬ ಸೂಚನೆ) ಹಾಕಿ. ಇಲ್ಲದಿದ್ದರೆ ಸಂಖ್ಯೆ ಬೇಕಾದಲ್ಲಿ ಟೂಲ್ ಸ್ಟ್ರಿಂಗ್, ಲಿಸ್ಟ್ ಕೊಟ್ಟು ನೋಡುತ್ತ ಹೊತ್ತು ಕಳೆಯುತ್ತದೆ.

ಮುಂದಿನ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಟೂಲ್ ಕೋಡನ್ನು ಓದಿ ಸುಮ್ಮನಾಗುವುದಿಲ್ಲ, ಸಿಕ್ಕ ಇನ್‌ಪುಟ್ ಕೊಟ್ಟು ನಿಜವಾಗಿ ಓಡಿಸುತ್ತದೆ. ಫೈಲ್ ಅಳಿಸುವ ಫಂಕ್ಷನ್ ಇದ್ದರೆ ಫೈಲ್ ಅಳಿದೇ ಹೋದೀತು. ಇದನ್ನು ಅರಿತಿದ್ದೇನೆಂದು ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಹಾಕಿ ತಿಳಿಸುವವರೆಗೆ ಪಿಂಗ್ವಿನ್ ಶುರುವಾಗುವುದೇ ಇಲ್ಲ. ಉಳಿದ ಕಂಪ್ಯೂಟರ್‌ನಿಂದ ಬೇರ್ಪಟ್ಟ ಡಾಕರ್ ಕಂಟೇನರ್ ಒಳಗೆ, ನೆಟ್‌ವರ್ಕ್ ಕಡಿದು ಓಡಿಸಿ.

ಪ್ರಾಜೆಕ್ಟ್ ಫೋಲ್ಡರ್, ಮಾಡ್ಯೂಲ್ ಹೆಸರು, ಟೆಸ್ಟ್ ಬಂದು ಬೀಳಬೇಕಾದ ಫೋಲ್ಡರ್, ಈ ಮೂರನ್ನು ಕೊಡಿ. ಹುಡುಕಾಟಕ್ಕೆ ಮೊದಲ ಸಲ 60 ಸೆಕೆಂಡ್ ಸಾಕು. ಟೂಲ್‌ನ ರ‍್ಯಾಂಡಮ್ ಆಯ್ಕೆಗಳು ಶುರುವಾಗುವ ಸೀಡ್ ಸಂಖ್ಯೆಯನ್ನೂ ಕೊಟ್ಟು ಗುರುತಿಟ್ಟುಕೊಳ್ಳಿ.

ಬಂದ ಟೆಸ್ಟ್‌ಗಳನ್ನು ಪೈಟೆಸ್ಟ್‌ನಲ್ಲಿ (ಪೈಥಾನ್ ಟೆಸ್ಟ್ ಓಡಿಸುವ ಟೂಲ್) ಐದು ಸಲವಾದರೂ ಓಡಿಸಿ. ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವುದರ ಹಿಂದೆ ಸಾಮಾನ್ಯವಾಗಿ ಇವತ್ತಿನ ತಾರೀಕೋ ರ‍್ಯಾಂಡಮ್ ಸಂಖ್ಯೆಯೋ ಇರುತ್ತದೆ. ಅದನ್ನು ಪ್ಯಾರಾಮೀಟರ್ ಆಗಿ ಹೊರಗಿನಿಂದ ಕೊಡುವಂತೆ ಮಾಡಿ. ಅನಿರೀಕ್ಷಿತ ಎಕ್ಸೆಪ್ಶನ್ (ಓಡುವಾಗ ಏಳುವ ದೋಷ) ಬಂದ ಟೆಸ್ಟ್‌ಗೆ ಪಿಂಗ್ವಿನ್ ‘ಎಕ್ಸ್‌ಫೇಲ್’ (ಫೇಲ್ ಆಗುವುದು ನಿರೀಕ್ಷಿತ) ಎಂದು ಗುರುತು ಹಾಕುತ್ತದೆ; ಬಗ್ ಹುಡುಕುವವರು ಮೊದಲು ನೋಡಬೇಕಾದದ್ದು ಅವನ್ನೇ.

ಇನ್ನು ನಿಜವಾದ ಕೆಲಸ. ಕೋಡ್ ಈಗ ಏನು ಮಾಡುತ್ತಿದೆಯೋ ಅದನ್ನೇ ಟೂಲ್ ಸರಿಯಾದ ಉತ್ತರವೆಂದು ಬರೆದುಕೊಳ್ಳುತ್ತದೆ. ವರ್ಷವನ್ನು 4ರಿಂದ ಭಾಗಿಸಿ ಶೇಷ ಸೊನ್ನೆಯಾದರೆ ‘ಅಧಿಕ ವರ್ಷ’ ಎನ್ನುವ ಒಂದೇ ಇಫ್‌ನ ಫಂಕ್ಷನ್ ಇದೆ ಎನ್ನಿ. 0 ಮತ್ತು 1 ಕೊಟ್ಟರೆ ಇಫ್‌ನ ಎರಡೂ ಬ್ರ್ಯಾಂಚ್ (ದಾರಿ) ಮುಟ್ಟಿದಂತಾಯಿತು, ಕವರೇಜ್ (ಟೆಸ್ಟ್‌ಗಳು ಓಡಿಸಿದ ಕೋಡ್‌ನ ಪಾಲು) 100%. ಆದರೆ 1900 ಅಧಿಕ ವರ್ಷವಲ್ಲ. 100ರಿಂದ ಭಾಗವಾಗುವ ವರ್ಷ 400ರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ ಎಂಬ ನಿಯಮವೇ ಕೋಡ್‌ನಲ್ಲಿಲ್ಲ. ಇಲ್ಲದ ಸಾಲನ್ನು ಕವರೇಜ್ ಎಣಿಸುವುದು ಹೇಗೆ? ಅಕಸ್ಮಾತ್ 1900 ಕೊಟ್ಟರೂ ಟೂಲ್ ‘ಟ್ರೂ’ ಎಂದೇ ಬರೆದೀತು. ಹಾಗಾಗಿ ‘ಉತ್ತರ ಇದೇ ಇರಬೇಕು’ ಎನ್ನುವ ಪ್ರತಿ ಅಸರ್ಟ್ ಸಾಲನ್ನೂ ನಿಯಮದ ಪಕ್ಕದಲ್ಲಿಟ್ಟು ಓದಿ. 1900, 2000ದಂಥ ಅಂಚಿನ ಇನ್‌ಪುಟ್‌ಗಳನ್ನು ಕೈಯಾರೆ ಸೇರಿಸಿ.

ಟೆಸ್ಟ್‌ಗಳ ಬಲ ಅಳೆಯಲು ಮ್ಯುಟೇಶನ್ ಟೆಸ್ಟಿಂಗ್ ಮಾಡಿ. ಪೈಥಾನ್‌ಗೆ ಮಟ್‌ಮಟ್, ಜಾವಾಕ್ಕೆ ಪಿಟ್ ಇವೆ. ಅವು ಕೋಡ್‌ನಲ್ಲಿ ಬೇಕೆಂದೇ ತಪ್ಪು ಮಾಡಿ, ಟೆಸ್ಟ್ ಅದನ್ನು ಹಿಡಿಯುತ್ತದೆಯೇ ನೋಡುತ್ತವೆ. ಮೇಲಿನ ಫಂಕ್ಷನ್‌ನಲ್ಲಿ 4ನ್ನು 5 ಮಾಡಿದರೆ 0, 1ರ ಟೆಸ್ಟ್‌ಗಳು ಎರಡೂ ಪಾಸ್! 4 ಎಂಬ ಇನ್‌ಪುಟ್ ಸೇರಿಸಿದ ಕೂಡಲೇ ತಪ್ಪು ಸಿಕ್ಕಿಬೀಳುತ್ತದೆ.

ಕೊನೆಗೆ ‘ಟೆಸ್ಟ್ ಕೇಸ್ 0’ ಥರದ ಹೆಸರುಗಳನ್ನು ಬದಲಿಸಿ, ಒಂದೇ ವಿಷಯ ನೋಡುವ ಟೆಸ್ಟ್‌ಗಳಲ್ಲಿ ಒಂದನ್ನಷ್ಟೇ ಉಳಿಸಿ. ಮುಂದೊಂದು ದಿನ ಟೆಸ್ಟ್ ಫೇಲ್ ಆದರೆ ಟೂಲನ್ನು ಮತ್ತೆ ಓಡಿಸಿ ಹೊಸದು ಬರೆಸಿಕೊಳ್ಳಬೇಡಿ. ಆಗ ಹೊಸ ಬಗ್‌ಗೂ ಸರಿಯುತ್ತರದ ಮೊಹರು ಬೀಳುತ್ತದೆ.