ವಿಧಾನಸಭಾ ಕ್ಷೇತ್ರದ ಗಡಿಯ ಇತಿಹಾಸವನ್ನು ಪತ್ತೆ ಮಾಡುವ ಬಗೆ

ಚುನಾವಣೆ ಹತ್ತಿರವಾದಾಗಲೆಲ್ಲ, ಇಂಥ ಕ್ಷೇತ್ರ 1957ರಿಂದಲೂ ಇಂಥ ಪಕ್ಷದ ಭದ್ರಕೋಟೆ ಎಂಬ ಮಾತನ್ನು ಓದುತ್ತೇವೆ. ಆ ಮಾತು ನಿಲ್ಲಬೇಕಾದರೆ ಅಂದು ಆ ಹೆಸರಿನಡಿ ಮತ ಹಾಕಿದ ಹಳ್ಳಿಗಳೂ ಇಂದು ಹಾಕುವ ಹಳ್ಳಿಗಳೂ ಒಂದೇ ಆಗಿರಬೇಕು. ಕರ್ನಾಟಕದಲ್ಲಿ ಅದು ಅಪರೂಪ. ಆದ್ದರಿಂದ ಕ್ಷೇತ್ರದ ಹೆಸರನ್ನು ಹಿಡಿದು ಹಿಂದಕ್ಕೆ ಹೋಗಬೇಡಿ. ಒಂದು ಊರನ್ನು, ಸಾಧ್ಯವಾದರೆ ನಿಮ್ಮದೇ ಊರನ್ನು ಆರಿಸಿಕೊಂಡು, ಅದು ಪ್ರತಿ ಚುನಾವಣೆಯಲ್ಲಿ ಯಾವ ಕ್ಷೇತ್ರದಲ್ಲಿತ್ತು ಎಂದು ಕೇಳುತ್ತ ಹೋಗಿ.

ಆರಂಭಕ್ಕೆ ಬೇಕಾದದ್ದು 2008ರ ಕ್ಷೇತ್ರ ಪುನರ್ವಿಂಗಡಣಾ ಆದೇಶ, ಅಂದರೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಗೊತ್ತುಮಾಡಿದ ಆದೇಶ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಆಯೋಗ 2001ರ ಜನಗಣತಿಯನ್ನು ಆಧರಿಸಿ ಸಿದ್ಧಪಡಿಸಿದ ಈ ಗಡಿಗಳ ಮೇಲೆ ಮೊದಲು ಚುನಾವಣೆ ನಡೆದ ರಾಜ್ಯ ಕರ್ನಾಟಕ. ಆದೇಶದಲ್ಲಿ ಪ್ರತಿ ಕ್ಷೇತ್ರದ ವ್ಯಾಪ್ತಿಯನ್ನು ತಾಲ್ಲೂಕು, ಹೋಬಳಿ, ಕಂದಾಯ ವೃತ್ತ ಮತ್ತು ನಗರದ ವಾರ್ಡುಗಳ ಮೂಲಕ ಹೇಳಲಾಗಿದೆ. ಇಲ್ಲಿ ಎಡವುವವರು ಬಹಳ, ಏಕೆಂದರೆ ಅವೆಲ್ಲ ಆಗಿನ ಆಡಳಿತ ಘಟಕಗಳು. ಬೆಂಗಳೂರಿನ ಕ್ಷೇತ್ರಗಳಿಗೆ ನಮೂದಿಸಿರುವ ವಾರ್ಡು ಸಂಖ್ಯೆಗಳು ಹಳೆಯ ಮಹಾನಗರ ಪಾಲಿಕೆಯ 100 ವಾರ್ಡುಗಳವು; ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾದ ಮೇಲೆ ಬಂದ 198 ವಾರ್ಡುಗಳ ನಕ್ಷೆಯನ್ನು ಅದರ ಪಕ್ಕದಲ್ಲಿಟ್ಟರೆ ಸಂಖ್ಯೆಗಳು ಹೊಂದುವುದಿಲ್ಲ. ಗ್ರಾಮಾಂತರದಲ್ಲೂ ಇದೇ ತೊಡಕು: ಆಮೇಲೆ ರಚನೆಯಾದ ಹೊಸ ತಾಲ್ಲೂಕುಗಳ ಹೆಸರು ಆದೇಶದಲ್ಲಿ ಸಿಗದು, ಅವುಗಳ ಮಾತೃ ತಾಲ್ಲೂಕನ್ನು ಹುಡುಕಬೇಕು. 2001ರ ಜನಗಣತಿಯ ಜಿಲ್ಲಾ ಕೈಪಿಡಿಯನ್ನು ಕೈಯಲ್ಲಿಟ್ಟುಕೊಂಡರೆ ಈ ಕೆಲಸ ಅರ್ಧ ಹಗುರಾಗುತ್ತದೆ.

ಮುಂದಿನ ಹೆಜ್ಜೆ 2008ರ ಆಚೆಗೆ, 1976ರ ಆದೇಶಕ್ಕೆ. 1971ರ ಜನಗಣತಿಯ ಮೇಲೆ ನಿಂತಿದ್ದ ಈ ಗಡಿಗಳೇ 1978ರಿಂದ 2004ರವರೆಗಿನ ಏಳು ವಿಧಾನಸಭಾ ಚುನಾವಣೆಗಳಿಗೆ ಬಳಕೆಯಾದವು, ಏಕೆಂದರೆ ಸಂವಿಧಾನದ 42ನೇ ತಿದ್ದುಪಡಿ ಸ್ಥಾನಗಳ ಮರುಹೊಂದಾಣಿಕೆಯನ್ನು ತಡೆಹಿಡಿದಿತ್ತು. ಆ ಮೂರು ದಶಕಗಳಲ್ಲಿ ಬೆಂಗಳೂರು ಎಷ್ಟು ಬೆಳೆಯಿತೆಂಬುದನ್ನು ಉತ್ತರಹಳ್ಳಿಯಂಥ ಕ್ಷೇತ್ರದ ಮತದಾರರ ಸಂಖ್ಯೆಯಲ್ಲಿ ಕಣ್ಣಾರೆ ನೋಡಬಹುದು. 2008ರಲ್ಲಿ ಒಟ್ಟು ಸ್ಥಾನಗಳು 224 ಆಗಿಯೇ ಉಳಿದಾಗ ರಾಜಧಾನಿಗೆ ಹೆಚ್ಚು ಸ್ಥಾನ ಕೊಡಲು ಬೇರೆಡೆ ಕಳೆಯಲೇಬೇಕಿತ್ತು: ಬೆಂಗಳೂರಿನ ಸ್ಥಾನಗಳು 16ರಿಂದ 28ಕ್ಕೆ ಏರಿದರೆ, ಕೊಡಗು ಸೋಮವಾರಪೇಟೆಯನ್ನು ಕಳೆದುಕೊಂಡು ಎರಡು ಕ್ಷೇತ್ರಗಳಿಗೆ ಇಳಿಯಿತು, ಸಾತನೂರು, ಬನ್ನೂರು, ವಿಟ್ಲ, ಬ್ರಹ್ಮಾವರ, ಹೊಸನಗರ, ಭರಮಸಾಗರ ಎಂಬ ಹೆಸರುಗಳು ಪಟ್ಟಿಯಿಂದ ಅಳಿದವು. ಅಳಿದ ಕ್ಷೇತ್ರದ ಊರುಗಳು ಎಲ್ಲಿಗೆ ಹೋದವು ಎಂದು ಒಂದೊಂದಾಗಿ ಗುರುತಿಸುವುದೇ ಈ ಶೋಧನೆಯ ತಿರುಳು, ಬೇಸರವಾದರೂ ಅದನ್ನು ಬಿಡಬಾರದು. ಇಂದು ಎಲ್ಲರಿಗೂ ಪರಿಚಿತವಾದ ವರುಣಾ ಕ್ಷೇತ್ರ ಹುಟ್ಟಿದ್ದೂ ಈ ಮರುಜೋಡಣೆಯಲ್ಲೇ. 2008ಕ್ಕೆ ಮೊದಲು ಆ ಹೆಸರಿನ ಫಲಿತಾಂಶವೇ ಇಲ್ಲ.

ಗಡಿಯ ಜೊತೆಗೆ ಮೀಸಲಾತಿಯ ಕಾಲಂ ಕೂಡ ಬರೆದುಕೊಳ್ಳಿ. 2008ರಲ್ಲಿ ಪರಿಶಿಷ್ಟ ಜಾತಿಯ ಮೀಸಲು ಸ್ಥಾನಗಳು 33ರಿಂದ 36ಕ್ಕೆ ಏರಿದವು. ಪರಿಶಿಷ್ಟ ಪಂಗಡದವು 2ರಿಂದ ಒಮ್ಮೆಲೇ 15 ಆದವು. 1991ರಲ್ಲಿ ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳು ಪಂಗಡಗಳ ಪಟ್ಟಿಗೆ ಸೇರಿದ್ದು ಇದರ ಹಿಂದಿನ ಕಾರಣ. ಮಲ್ಲಿಕಾರ್ಜುನ ಖರ್ಗೆ ಅವರು 1972ರಿಂದ ಗೆಲ್ಲುತ್ತ ಬಂದಿದ್ದ ಗುರುಮಠಕಲ್ 2008ರಲ್ಲಿ ಸಾಮಾನ್ಯ ಕ್ಷೇತ್ರವಾಯಿತು, ಅವರು ಚಿತ್ತಾಪುರಕ್ಕೆ ಹೋದರು. ಈ ಕಾಲಂ ಇಲ್ಲದೆ ಬರೀ ಫಲಿತಾಂಶ ನೋಡಿದವರಿಗೆ ಇಂಥ ಬದಲಾವಣೆ ಅರ್ಥವಾಗದು.

ಇನ್ನೂ ಹಿಂದೆ ಹೋದರೆ 1967 ಮತ್ತು 1972ರ ಚುನಾವಣೆಗಳು 216 ಸ್ಥಾನಗಳಿಗೆ, 1957 ಮತ್ತು 1962ರವು 208 ಸ್ಥಾನಗಳಿಗೆ ನಡೆದವು. 1957ರ ಅಂಕಿಗಳನ್ನು ಓದುವಾಗ ಎಚ್ಚರ ಬೇಕು: ಆಗ ಇಬ್ಬರು ಸದಸ್ಯರನ್ನು ಆರಿಸುವ ದ್ವಿಸದಸ್ಯ ಕ್ಷೇತ್ರಗಳಿದ್ದು, ಅಲ್ಲಿ ಪ್ರತಿ ಮತದಾರರಿಗೆ ಎರಡು ಮತಗಳಿದ್ದುದರಿಂದ ಒಟ್ಟು ಮತಗಳು ಮತದಾರರ ಸಂಖ್ಯೆಯನ್ನು ಮೀರಿದ್ದರೆ ಅದು ಮುದ್ರಣದೋಷವಲ್ಲ. 1961ರ ಕಾಯಿದೆ ಆ ಪದ್ಧತಿಯನ್ನು ರದ್ದುಪಡಿಸಿ ಅಂಥ ಕ್ಷೇತ್ರಗಳನ್ನು ಒಡೆಯಿತು.

ನನಗೆ ಅತ್ಯಂತ ಪ್ರಿಯವಾದ, ಅಷ್ಟೇ ಕಷ್ಟದ ಭಾಗ 1952. ಆ ವರ್ಷ ಕನ್ನಡಿಗರು ಒಂದೇ ವಿಧಾನಸಭೆಗೆ ಮತ ಹಾಕಲಿಲ್ಲ. 99 ಸ್ಥಾನಗಳ ಮೈಸೂರು ಸಭೆಯ ವರದಿಯಲ್ಲಿ ಧಾರವಾಡವನ್ನು ಹುಡುಕಿದರೆ ಸಿಗದು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಗಳ ಫಲಿತಾಂಶ ಮುಂಬಯಿ ರಾಜ್ಯದ ವರದಿಯಲ್ಲಿದೆ. ಕಲಬುರಗಿ, ರಾಯಚೂರು, ಬೀದರ್‌ಗಳದ್ದು ಹೈದರಾಬಾದಿನದರಲ್ಲಿ. ದಕ್ಷಿಣ ಕನ್ನಡ, ಬಳ್ಳಾರಿ ಮತ್ತು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದ್ದು ಮದ್ರಾಸಿನದರಲ್ಲಿ. ಕೊಡಗಿಗೆ 24 ಸದಸ್ಯರ ಸ್ವಂತ ವಿಧಾನಸಭೆಯೇ ಇತ್ತು. ಆ ವರದಿಗಳಲ್ಲಿ ಜಿಲ್ಲೆಗಳ ಹೆಸರು ಬಿಜಾಪುರ, ಗುಲ್ಬರ್ಗಾ, ಉತ್ತರ ಕೆನರಾ ಎಂದಿರುತ್ತವೆ. ದಕ್ಷಿಣ ಕನ್ನಡದ ಪುಟಗಳಲ್ಲಿ ಕಾಸರಗೋಡೂ ಎದುರಾಗುತ್ತದೆ. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿದ್ದರಿಂದ ಅಲ್ಲಿಂದಾಚೆಗೆ ಅದರ ಎಳೆಯನ್ನು ಕೇರಳದ ದಾಖಲೆಗಳಲ್ಲಿ ಹಿಡಿಯಬೇಕು.

ಚುನಾವಣಾ ಆಯೋಗದ ಅಂಕಿಅಂಶ ವರದಿಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಆದರೆ ಅವುಗಳಲ್ಲಿ ಅಭ್ಯರ್ಥಿಗಳೂ ಮತಗಳೂ ಇರುತ್ತವೆಯೇ ಹೊರತು ಕ್ಷೇತ್ರದ ವ್ಯಾಪ್ತಿ ಇರುವುದಿಲ್ಲ. ವ್ಯಾಪ್ತಿಗೆ ಆಯಾ ಕಾಲದ ಪುನರ್ವಿಂಗಡಣಾ ಆದೇಶವನ್ನೂ ರಾಜ್ಯಪತ್ರವನ್ನೂ ನೋಡಬೇಕು. ಸಿಕ್ಕಿದ್ದನ್ನೆಲ್ಲ ಒಂದು ಕೋಷ್ಟಕದಲ್ಲಿ ಜೋಡಿಸುವಾಗ 1957, 1962, 1967, 1978 ಮತ್ತು 2008ರ ಮೇಲೆ ಒಂದೊಂದು ದಪ್ಪ ಗೆರೆ ಎಳೆಯಿರಿ. ಗೆರೆಯ ಎರಡು ಬದಿಯ ಮತಪ್ರಮಾಣವನ್ನು ಹೋಲಿಸುವ ಮೊದಲು ಎಷ್ಟು ಹೋಬಳಿಗಳು ಎರಡೂ ಕಡೆ ಉಳಿದಿವೆ ಎಂದು ಎಣಿಸಿ, ಆ ಎಣಿಕೆಯನ್ನು ಕೋಷ್ಟಕದಲ್ಲೇ ದಾಖಲಿಸಿ.