ಹಳೇ ಟ್ರೇಲರ್‌ಗೆ ಪಾರ್ಟ್ಸ್ ಹುಡುಕುವಾಗ

ಹಳೇ ಟ್ರಾವೆಲ್ ಟ್ರೇಲರ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಲಿ ಮನೆ) ರಿಪೇರಿಗೆ ಕೈ ಹಾಕಿದವರು ಸಾಮಾನ್ಯವಾಗಿ ಟ್ರೇಲರ್ ಕಂಪನಿಯ ಹೆಸರು ಹಿಡಿದೇ ಪಾರ್ಟ್ಸ್ ಹುಡುಕುತ್ತಾರೆ. ಆ ಕಂಪನಿ ಎಂದೋ ಬಾಗಿಲು ಹಾಕಿದ್ದರೆ ಏನು ಸಿಗುತ್ತದೆ ಹೇಳಿ? ಹೆಚ್ಚಿನ ಕಂಪನಿಗಳು ಕಿಟಕಿ, ಬೀಗ, ಲೈಟು, ಒಲೆ ಇವನ್ನೆಲ್ಲ ತಾವೇ ಮಾಡುತ್ತಿರಲಿಲ್ಲ. ಹೊರಗಿನಿಂದ ತರಿಸಿ ಕೂರಿಸುತ್ತಿದ್ದವು. ಹಾಗಾಗಿ ಪಾರ್ಟ್ ಮೇಲಿರುವ ಹೆಸರು, ನಂಬರ್ ನೋಡಿ. ಅಮೆರಿಕದ ಹಳೇ ಟ್ರೇಲರ್ ಆದರೆ ಕಿಟಕಿಯಲ್ಲಿ ‘ಹೇರ್’, ಬಾಗಿಲ ಬೀಗದಲ್ಲಿ ‘ಬಾರ್ಗ್‌ಮನ್’ ಅಂತ ಇರಬಹುದು. ಹೆಸರು ಗೊತ್ತಾದರೆ ಬೇರೆ ಬ್ರ್ಯಾಂಡಿನ ಗುಜರಿ ಟ್ರೇಲರ್‌ನಿಂದಲೂ ಅದೇ ಪಾರ್ಟ್ ಬಿಚ್ಚಿಕೊಳ್ಳಬಹುದು, ಅಲ್ವಾ?

ಕಿಟಕಿ ರಬ್ಬರ್‌ಗೆ ಮಾತ್ರ ಸುಮ್ನೆ ಫೋಟೋ ತೆಗೆದರೆ ಸಾಲದು. ಬಿಸಿಲಿಗೆ ಒಣಗಿ ಸುಕ್ಕಾದ ಕಡೆಯ ತುಂಡು ಬೇಡ. ಫ್ರೇಮಿನೊಳಗೆ ಅಡಗಿ ಇನ್ನೂ ಮೆತ್ತಗಿರುವ ಕಡೆ ಒಂದಿಂಚು ಕತ್ತರಿಸಿ. ಕತ್ತರಿಸಿದ ಮುಖವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಅಗಲ, ದಪ್ಪ ಎರಡನ್ನೂ ಮಿಲಿಮೀಟರ್‌ನಲ್ಲಿ ಬರೆದಿಡಿ. ರಬ್ಬರ್ ಮಾರುವವರಿಗೆ ಬೇಕಾಗುವುದು ಈ ಚಿತ್ರವೇ.

ಚಕ್ರದ ಬೇರಿಂಗ್ ಸುಲಭ. ನಂಬರ್ ಸಾಮಾನ್ಯವಾಗಿ ಅದರ ಮೇಲೇ ಇರುತ್ತದೆ, ಗ್ರೀಸ್ ಒರೆಸಿ ನೋಡಿ. ಹೊಸದು ಬಂದು ಸರಿಯಾಗಿ ಕೂರುವ ತನಕ ಹಳೇದನ್ನು ಎಸೆಯಬೇಡಿ. ಮುರಿದಿದ್ದರೂ ಅಳತೆಗೆ ಬೇಕಾಗುತ್ತದೆ.